ದುಬೇಜಿ ಹೇಳದೆ ಬಿಟ್ಟ ವಾಲ್ವ್

ಮೊನ್ನೆ ತರಕಾರಿಗೆಂದು ಹೊರಟವನು ಬಂಗಾಲಿ ಟೋಲಾದ ತಿರುವಿನಲ್ಲಿ ನಿಂತುಬಿಟ್ಟೆ. ಗಲ್ಲಿಯ ಕಬ್ಬಿಣದ ಮುಚ್ಚಳವೊಂದನ್ನು ಎತ್ತಿ ಮಗುಚಿಟ್ಟಿದ್ದರು. ಒದ್ದೆ ತುಕ್ಕು, ಹಳೇ ಗ್ರೀಸು ಸೇರಿದ ಆ ವಾಸನೆ ನಿಮಗೆ ಹಿಡಿಸಲಿಕ್ಕಿಲ್ಲ. ನನಗೆ ಮಾತ್ರ ಅದು ದುಬೇಜಿಯ ವಾಸನೆ.

ನಮ್ಮದು ಕಾಶಿಗೆ ಬರುವ ಕನ್ನಡ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಮನೆತನ. ಮಂತ್ರ ನಾಲಿಗೆಗೆ ಹತ್ತದ್ದರಿಂದ ನಾನು ನೀರು ಸರಬರಾಜು ಇಲಾಖೆ ಸೇರಿದೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿರಬೇಕು, ನಮ್ಮ ಹಿರಿಯ ವಾಲ್ವ್‌ಮನ್ ದುಬೇಜಿಗೆ ನಿವೃತ್ತಿ ಹತ್ತಿರ ಬಂತು. ಯಾವ ಗಲ್ಲಿಯ ವಾಲ್ವ್ ಎಲ್ಲಿ ಹುದುಗಿದೆಯೆಂದು ಅವರೊಬ್ಬರಿಗೇ ಗೊತ್ತೆಂದು ಊರೆಲ್ಲ ಹೇಳುತ್ತಿತ್ತು. ಕಲಿತುಕೋ ಎಂದು ಸಾಹೇಬರು ನನ್ನನ್ನು ಅವರ ಬೆನ್ನಿಗೆ ಹಚ್ಚಿದರು. ಬೆಳಗಿನಿಂದಲೇ ಅವರ ಬಾಯಿ ತುಂಬ ಪಾನ್. ಉಗುಳಿ ಮಾತಾಡುವಷ್ಟು ದೊಡ್ಡ ವಿಷಯ ಅವರ ಪಾಲಿಗೆ ಯಾವುದೂ ಇರಲಿಲ್ಲ. ಗದ್ದ ಎತ್ತಿದರೆ ತೆರೆ, ತಗ್ಗಿಸಿದರೆ ಮುಚ್ಚು, ಹುಬ್ಬು ಗಂಟಿಕ್ಕಿದರೆ ನಾನು ಕತ್ತೆ. ನನ್ನ ವಿದ್ಯಾಭ್ಯಾಸ ಹೀಗೆ ಮುಗಿಯಿತು.

ಅವರು ನಿವೃತ್ತರಾದ ಮೊದಲ ಬೇಸಿಗೆಯಲ್ಲೇ ಕೇದಾರ ಘಾಟಿನ ಕಡೆ ನೀರು ಸಣ್ಣಗಾಯಿತು. ಪೂರ್ತಿ ತೆರೆಯೋಣವೆಂದು ಇದೇ ತಿರುವಿನ ವಾಲ್ವನ್ನು ಎಲ್ಲ ವಾಲ್ವುಗಳಂತೆ ಎಡಕ್ಕೆ ತಿರುಗಿಸಿದೆ. ಬರುತ್ತಿದ್ದ ನೀರೂ ನಿಂತಿತು! ಅಮ್ಮ ಖಾಲಿ ಕೊಡ ಹಿಡಿದು ಗಲ್ಲಿಗೇ ಬಂದಳು.

"ಅಡುಗೆಗೆ ಮಡಿನೀರಿಲ್ಲ ಕಣೋ, ಯಾತ್ರಿಗಳು ಕಾದು ಕೂತಿದಾರೆ. ಮಂತ್ರ ಅಂತೂ ಬರ್ಲಿಲ್ಲ, ನೀರಾದ್ರೂ ಬಿಡೋಕೆ ಬರುತ್ತೇನೋ ನಿಂಗೆ?"

ವಾಲ್ವ್ ಮುರಿದೇ ಹೋಯಿತೆಂದುಕೊಂಡು ದುಬೇಜಿಯ ಮನೆಗೆ ಓಡಿದೆ. ಖಾಕಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತಿದ್ದರು. "ದಿನಾ ಹೀಗೇ ತಯಾರಾಗಿ ಕೂತ್ಕೋತಾರೆ ಭೈಯಾ," ಎಂದಳು ಸೊಸೆ. ತಿರುವಿಗೆ ಬಂದವರೇ ವಾಲ್ವಿನ ಉದ್ದ ಚಾವಿಯನ್ನು ಬಲಕ್ಕೆ ತಿರುಗಿಸಿದರು. ನೀರು ಬಂತು. ಆವತ್ತು ಮೊದಲ ಸಲ ಪಾನ್ ಉಗುಳಿ ಮಾತಾಡಿದರು: "ಇದೊಂದು ಉಲ್ಟಾ, ಬಬುಆ. ಎಲ್ಲಾ ಹೇಳಿಬಿಟ್ಟಿದ್ರೆ ನನ್ನನ್ನ ಯಾರು ಕರೀತಿದ್ರು?"

ಸಿಟ್ಟು ನೆತ್ತಿಗೇರಿತ್ತು. ಆದರೆ ಆ ಇಸ್ತ್ರಿ ಮಾಡಿದ ಖಾಕಿಯ ಮುಂದೆ ಬೈಗುಳ ಬಾಯಿಗೆ ಬರಲಿಲ್ಲ. ಅವರು ಇರುವತನಕ, ಗೊತ್ತಿದ್ದದ್ದನ್ನೇ ಕೇಳಲು ಆಗಾಗ ಹೋಗುತ್ತಿದ್ದೆ. ಅವರು ತೀರಿಕೊಂಡ ಮೇಲೆ ಮುಚ್ಚಳದ ಒಳಮೈಗೆ ಕೆಂಪು ಬಾಣ ಬರೆದೆ, ಬಲಕ್ಕೆ. ನಾನೂ ನಿವೃತ್ತನಾದಾಗ, ನನ್ನ ಜಾಗಕ್ಕೆ ಬಂದ ಸರಿತಾಗೆ ಒಂದನ್ನೂ ಉಳಿಸಿಕೊಳ್ಳದೆ ಎಲ್ಲ ಒಪ್ಪಿಸಿ ಹಗುರಾಗಿ ಮನೆ ಸೇರಿದೆ. ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ. ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು.

ಮೊನ್ನೆ ಚಾವಿ ಹಿಡಿದು ನಿಂತಿದ್ದವಳು ಅದೇ ಸರಿತಾ. ನನ್ನನ್ನು ಕಂಡು, "ಚಾಚಾಜಿ, ಒಳ್ಳೇ ಹೊತ್ತಿಗೆ ಬಂದ್ರಿ. ಇದನ್ನ ಯಾವ ಕಡೆ ತಿರುಗಿಸೋದು?" ಎಂದಳು.

ಮುಚ್ಚಳ ಅವಳ ಕಾಲ ಬಳಿಯೇ ಇತ್ತು. ನನ್ನ ಬಾಣಕ್ಕೆ ಯಾರೋ ಈಚೆಗಷ್ಟೇ ಹೊಸ ಬಣ್ಣ ಬಳಿದಿದ್ದರು.

ತರಕಾರಿ ಚೀಲ ಕೆಳಗಿಟ್ಟು, ಚಾವಿ ತೆಗೆದುಕೊಂಡೆ.