ಗೋಡೆಯಾಚೆಗೆ ಕೇಳಿಸಿದ ಸಿಟ್ಟು

ಗೆಳೆಯರೇ, ಇವತ್ತು ನನ್ನ ಸಿಟ್ಟು ಪಕ್ಕದ ಮನೆಗೂ ಕೇಳಿಸಿತು. ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ, ಚಹಾ ಕುಡಿಯದೆ ಕೈಮಗ್ಗಕ್ಕೆ ಕೂತಿದ್ದೆ. ಗೋಡೆಯಾಚೆ ಪಕ್ಕದ ಮನೆಯಲ್ಲಿ ನೇಯುವ ಗಂಗಕ್ಕ ಅಲ್ಲಿಂದಲೇ ಕೂಗಿದರು: "ಜಗಳಾಡಿ ಬಂದೀಯೇನೋ ತಮ್ಮಾ? ಮಗ್ಗದ ಸಪ್ಪಳದಾಗ ಗೊತ್ತಾಗತೈತಿ. ಸೀರಿ ನೋಡ್ಕೊ!"

ನೋಡಿದೆ, ಖರೆ. ಸಿಟ್ಟಿನಲ್ಲಿ ಮಗ್ಗವನ್ನು ಜೋರಾಗಿ ಬಡಿದು ಬಡಿದು ಎಳೆಗಳು ಒತ್ತಾಗಿ, ಸೀರೆಗೆ ಅಡ್ಡಲಾಗಿ ದಪ್ಪ ಪಟ್ಟೆ ಎದ್ದಿತ್ತು.

"ಮೊದಲ ಚಾ ಕುಡದ್ ಬಾ, ಆಮ್ಯಾಲೆ ಕೈ ಹಚ್ಚು," ಎಂದರು.

ಒಳಗೆ ಹೋದರೆ ಹೆಂಡತಿ ಆಗಲೇ ಚಹಾ ಬಿಸಿ ಮಾಡಿಟ್ಟಿದ್ದಳು. ಸಪ್ಪಳ ಅವಳಿಗೂ ಕೇಳಿಸಿತ್ತು! ಕುಡಿದು ಬಂದ ಮೇಲೆ ಕೈ ಹದಕ್ಕೆ ಬಂತು. ಸೀರೆ ಉಳಿಸಿದ ಇಬ್ಬರಿಗೂ ಶರಣು.

ನಾಲ್ಕು ಬೆರಳಿನಷ್ಟು ಕೆಟ್ಟ ನೇಯ್ಗೆಯನ್ನು ಎಳೆ ಎಳೆಯಾಗಿ ಬಿಚ್ಚಿದೆ. ಹೆಂಡತಿಗೆ "ತಪ್ಪಾತು" ಅನ್ನುವುದಕ್ಕಿಂತ ಅದೇ ಸುಲಭವಾಗಿತ್ತು.