ಗೈರುಹಾಜರಿ ಬರೆಯದ ಮಾಷ್ಟ್ರು

ತಾತ್ಸಾರ ಬಂದಾಗ ಅವರ ಕೆಳತುಟಿ ಎಡಕ್ಕೆ ಜಾರಿ, ಅರ್ಧ ಮುರಿದ ಹಲ್ಲೊಂದು ಕಾಣುತ್ತಿತ್ತು. ಸೌದಿಯ ಜುಬೈಲಿನ ನಮ್ಮ ಕ್ಯಾಂಪಿನಲ್ಲಿ ಆ ಹಲ್ಲು ಒಳಗಿರುತ್ತಿದ್ದ ಹೊತ್ತು ಕಡಿಮೆ. ಗಂಗೊಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು, ಎಂಬತ್ತರ ದಶಕದ ಆರಂಭದಲ್ಲಿ ಇಲ್ಲಿ ಕಾರ್ಖಾನೆ ಕಟ್ಟುವ ಕಂಪನಿಗೆ ಟೈಮ್‌ಕೀಪರ್ ಆಗಿ ಬಂದಿದ್ದರು. ಕ್ಯಾಂಪಿನ ಎಲ್ಲರ ಹಾಜರಿ ಬರೆಯುವುದು ಅವರ ಕೆಲಸ. ನಾವು ಅವರನ್ನು ಮಾಷ್ಟ್ರು ಎಂದೇ ಕರೆಯುತ್ತಿದ್ದೆವು. ನಾನು ವೆಲ್ಡರ್, ಅವರ ಎದುರು ಮಂಚದವ.

ಹೆಲ್ಮೆಟ್ಟು, ಮಂಚ, ಊಟದ ತಟ್ಟೆ, ಎಲ್ಲದರ ಮೇಲೂ ನಮ್ಮ ನಂಬರು. ಕ್ಯಾಂಪ್ ಬಾಸ್ ನಮ್ಮ ಮಂಗಳೂರು ಕಡೆಯವನೇ. ಊರಿನಲ್ಲಾದರೆ "ಎಂತ ಭಾವ" ಎನ್ನುತ್ತಿದ್ದ ಬಾಯಿ ಇಲ್ಲಿ "ಇನ್ನೂರ ಹದಿನೇಳು, ಯಲ್ಲಾ, ನಡಿ!" ಎನ್ನುತ್ತಿತ್ತು. ನಮ್ಮನ್ನು ಎಣಿಸುವಾಗ ಅವನು ಉಂಗುರ ತುಂಬಿದ ಬೆರಳು ಸಹ ಎತ್ತುತ್ತಿರಲಿಲ್ಲ, ಗದ್ದ ಅಲ್ಲಾಡಿಸುತ್ತಿದ್ದ. "ಉಂಗುರ ಭಾರ, ಪಾಪ," ಎನ್ನುತ್ತಿದ್ದರು ಮಾಷ್ಟ್ರು, ಅವನಿಗೆ ಕೇಳುವ ಹಾಗೆಯೇ.

ಊರಿಗೆ ಹೊರಟ ಇಂಗ್ಲಿಷ್ ಇಂಜಿನಿಯರೊಬ್ಬ ಬಿಟ್ಟುಹೋದ ಪುಸ್ತಕವೊಂದು ಅವರ ಕೈ ಸೇರಿತ್ತು. ಯುರೋಪಿನ ಮಹಾಯುದ್ಧದ ಕಾಲದಲ್ಲಿ ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಶಿಬಿರದಿಂದ ಬದುಕಿ ಬಂದ ಯಹೂದಿಯೊಬ್ಬನ ನೆನಪುಗಳು. ಸೌದಿಯಲ್ಲಿ ಯಹೂದಿಯ ಪುಸ್ತಕ ಯಾರದಾದರೂ ಕಣ್ಣಿಗೆ ಬಿದ್ದರೆ ಕಷ್ಟವಿತ್ತು. ಮಾಷ್ಟ್ರು ಅದರ ರಟ್ಟು ಕಿತ್ತು, ನೀರಿನ ಪಂಪಿನ ಕೈಪಿಡಿಯ ರಟ್ಟು ಅಂಟಿಸಿದರು. ಶುಕ್ರವಾರ ಮಧ್ಯಾಹ್ನ ನಾವು ಉಂಡು ಬಿದ್ದುಕೊಂಡಿದ್ದಾಗ ಓದಿ ಕನ್ನಡದಲ್ಲಿ ಹೇಳುತ್ತಿದ್ದರು.

ಆ ಲೇಖಕ ಎಲ್ಲೂ ಅಳುವುದಿಲ್ಲ. ತೋಳಿಗೆ ನಂಬರಿನ ಹಚ್ಚೆ ಚುಚ್ಚಿದ್ದನ್ನು ಹೇಳುವಾಗ, ತನ್ನ ಉದ್ದದ ಹೆಸರು ಬರೆಯುವ ಕಷ್ಟ ಶಿಬಿರದ ಅಧಿಕಾರಿಗಳಿಗೆ ತಪ್ಪಿತಲ್ಲ ಎಂದು ಸಮಾಧಾನಪಡುತ್ತಾನೆ. ಬೆಳಗಿನ ಎಣಿಕೆಗೆ ಹೆಣಗಳನ್ನೂ ಹೊತ್ತು ತಂದು ಸಾಲಿನಲ್ಲಿ ಮಲಗಿಸಬೇಕಿತ್ತಂತೆ. ಸಾಲು ಕೆಡಿಸದವರು ಅವರು ಮಾತ್ರ ಎಂದು ಹೊಗಳುತ್ತಾನೆ. ನಾವು ನಕ್ಕೆವು. ನಕ್ಕ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಅವ ಯಹೂದಿಯಲ್ವಾ ಮಾಷ್ಟ್ರೇ, ನಮಗೆ ಮುಸ್ಲಿಮರಿಗೆಂತ ಅದು?" ಎಂದ ಒಬ್ಬ.

"ಅವನವರನ್ನು ಕೊಂದವರೂ ಅಷ್ಟೇ ಕೇಳಿದ್ದು, ಇವ ಯಾರು ಅಂತ. ನೀನೂ ಹೋಗಿ ಸೇರ್ಕೋ ಅವರೊಟ್ಟಿಗೆ."

ಅವರನ್ನು ಮೆಚ್ಚಿಸಲೆಂದು ನಾನು, "ನಮ್ಮ ಕ್ಯಾಂಪೂ ಹಾಗೇ ಅಲ್ವಾ?" ಎಂದೆ. ಹಲ್ಲು ಹೊರಬಂತು.

"ಬಾಯಿ ಮುಚ್ಚು. ಸಾರಿಗೆ ಉಪ್ಪು ಕಮ್ಮಿ ಅಂತ ನಿನ್ನೆ ಗಲಾಟೆ ಮಾಡಿದವ ನೀನು. ಅವನ ಅಮ್ಮನನ್ನು ಸುಟ್ಟು ಬೂದಿ ಮಾಡಿದ್ರು. ಎರಡೂ ಒಂದೇ ಅನ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿನಗೆ?"

ಆ ಬೇಸಗೆಯಲ್ಲಿ ಕೆಲಸಕ್ಕೆ ಹೋಗುವ ಬಸ್ಸಿನಲ್ಲೇ ಒಬ್ಬ ಕುಸಿದು ಸತ್ತ. ಹಿಂದಿನ ದಿನವೇ ಮೈ ಸುಡುತ್ತಿತ್ತು. ಕ್ಯಾಂಪ್ ಬಾಸ್ ರಜೆ ಕೊಟ್ಟಿರಲಿಲ್ಲ. ಸಂಜೆ ಆ ಪುಣ್ಯಾತ್ಮ ಬಂದು, "ನೂರ ಆರು ಕ್ಯಾನ್ಸಲ್, ಮಂಚ ಖಾಲಿ ಮಾಡಿ," ಎಂದ. ಮಾಷ್ಟ್ರಿಗೆ, "ಅವ ಸೈಟಿಗೆ ಮುಟ್ಲಿಲ್ಲ. ಗೈರುಹಾಜರಿ ಹಾಕಿ," ಎಂದು ಅಪ್ಪಣೆ ಮಾಡಿದ.

ಹೋಲಿಕೆ ಕೂಡದೆಂದು ನನ್ನನ್ನು ಗದರಿದ್ದ ಮಾಷ್ಟ್ರು ಅವತ್ತು ತಾವೇ ಹೋಲಿಸಿದರು: "ಅಲ್ಲಿ ಸತ್ತವನಿಗೂ ಹಾಜರಿ ಇತ್ತು. ನೀವು ಅದನ್ನೂ ಕೊಡುದಿಲ್ಲ." ಬಾಸಿಗೆ ಅರ್ಥವಾಗಲಿಲ್ಲ. ಮಾಷ್ಟ್ರು ರಿಜಿಸ್ಟರು ತೆರೆದು, ನೂರ ಆರರ ಸಾಲಿನಲ್ಲಿ, ಆ ದಿನದ ಚೌಕದಿಂದ ತಿಂಗಳ ಕೊನೆಯ ಚೌಕದವರೆಗೂ ಇಂಗ್ಲಿಷಿನಲ್ಲಿ ಬರೆದರು: ಹಮೀದ್, ತಂದೆ ಮೋನಬ್ಬ, ಊರು ಉಚ್ಚಿಲ, ಕೆಲಸಕ್ಕೆ ಹೋಗುವಾಗ ಸತ್ತ.

"ಇದೆಂತ ಮಾರಾಯ್ರೇ, ಹಾಜರಿ ಬುಕ್ಕಾ, ಗೋರಿಕಲ್ಲಾ?" ಎಂದ ಬಾಸ್.

"ಕಲ್ಲು ನೀವು ಹಾಕಿಸುದಿಲ್ಲ. ಹಾಗಾಗಿ ಇಲ್ಲಿ ಬರ್ದೆ."

ಆ ಪುಟ ಹೆಡ್ಡಾಫೀಸಿಗೆ ಹೋಗಲೇಬೇಕಿತ್ತು. ಹರಿದರೆ ಎಲ್ಲರ ಹಾಜರಿಯೂ ಹೋಗುತ್ತಿತ್ತು. ಬಾಸ್ ಮೂರು ದಿನ ಮುಖ ಊದಿಸಿಕೊಂಡು ತಿರುಗಿ, ನಾಲ್ಕನೆಯ ದಿನ ನನ್ನನ್ನು ಕರೆದ.

"ನಿನ್ನ ಇಕಾಮಾ ರಿನ್ಯೂವಲ್ಲಿಗೆ ಬಂದುಂಟು. ನಿಮ್ಮ ಮಾಷ್ಟ್ರು ಓದುದು ಎಂತ ಬುಕ್ಕು? ಪಂಪಿನದ್ದಾ?"

ಇಕಾಮಾ ಎಂಬ ಪರವಾನಗಿ ಇಲ್ಲದಿದ್ದರೆ ಇಲ್ಲಿ ಇರುವಂತಿಲ್ಲ. ಆದರೂ ನಾನು ಸುಮ್ಮನಿರಬಹುದಿತ್ತು. ಹೌದು ಎನ್ನಬಹುದಿತ್ತು.

"ಪಂಪಿನದ್ದಲ್ಲ," ಎಂದೆ.

ಪುಸ್ತಕ ಸಿಕ್ಕಿತು. ವಾರದೊಳಗೆ ಅವರ ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆದು ಊರಿಗಟ್ಟಿದರು. ಹೊರಡುವಾಗ ಪೆಟ್ಟಿಗೆ ಹೊರಲು ನಾನೇ ಮುಂದಾದೆ; ಅಷ್ಟು ನಿರ್ಲಜ್ಜನಾಗಿದ್ದೆ. ಬಸ್ಸಿನ ಬಾಗಿಲಲ್ಲಿ ಪೆಟ್ಟಿಗೆ ತೆಗೆದುಕೊಂಡು ಅವರೆಂದರು: "ಯಾರು ಹೇಳಿದ್ದು ಅಂತ ಗೊತ್ತುಂಟು. ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡ್ಲಿಕ್ಕೆ ಮನುಷ್ಯ ಸ್ವಲ್ಪ ದೊಡ್ಡವ ಆಗಿರ್ಬೇಕು. ನಿನಗೆ ತಾತ್ಸಾರ ಸಾಕು. ಇಟ್ಕೋ, ಉಪಯೋಗಕ್ಕೆ ಬರ್ತದೆ."

ಬಂತು. ಮುಂದೆ ನಾನೂ ಫೋರ್‌ಮನ್ ಆದೆ. ಜ್ವರ ಬಂದವನನ್ನು ಬಸ್ಸಿಗೆ ಹತ್ತಿಸು ಎಂದು ಮೇಲಿನವರು ಹೇಳಿದಾಗ, ಆ ದನಿ ಕಿವಿಯಲ್ಲಿದ್ದುದರಿಂದಲೇ ಎರಡು ಸಲ ಆಗುವುದಿಲ್ಲ ಎಂದೆ. ಒಂದು ಸಲ ಎನ್ನಲಾಗಲಿಲ್ಲ.

ಕ್ಷಮೆ ಕೇಳಿ ಗಂಗೊಳ್ಳಿಗೆ ನಾಲ್ಕು ಕಾಗದ ಬರೆದಿದ್ದೆ, ಒಂದಕ್ಕೂ ಉತ್ತರವಿಲ್ಲ. ಐದನೆಯದು ಬರೆಯುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು. ಕ್ಯಾಂಪಿನಲ್ಲಿ ಹಳಬರು ಐದಾರು ಮಂದಿ ಸೇರಿ, ದೂರದಲ್ಲಿ ಸತ್ತವರಿಗಾಗಿ ಮಾಡುವ ಮಯ್ಯತ್ ನಮಾಜು ಮಾಡಿದೆವು. ನಾನು ಕೊನೆಯಲ್ಲಿ ನಿಂತಿದ್ದೆ. ಅವರು ನನ್ನನ್ನು ಕ್ಷಮಿಸಲಿಲ್ಲ. ಕ್ಷಮಿಸಿದ್ದರೆ ನಾನು ಬೇಗ ಮರೆತುಬಿಡುತ್ತಿದ್ದೆ.