ಪೆಟ್ಟಿಗೆಯಲ್ಲಿಟ್ಟ ಹೆಲ್ಮೆಟ್

ನನ್ನ ಗಂಡ ಗಡಿಯಲ್ಲಿ ಸೈನಿಕ. ನಾನು ಮಗಳ ಶಾಲೆಗಾಗಿ ಬೆಳಗಾವಿಯ ಶಿವಬಸವ ನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಒಂದು ಖಾಸಗಿ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಅವರು ಒಂದು ಸಂಜೆ ವಿಡಿಯೊ ಕರೆಯಲ್ಲಿ ಹೊಸ ಹೆಲ್ಮೆಟ್ ತೋರಿಸಿದಾಗ ನನಗಾದ ಖುಷಿ ಹೊಸ ಸ್ಕೂಟಿ ಕೊಂಡಾಗಲೂ ಆಗಿರಲಿಲ್ಲ. ಹಳೆಯದು ಮಣಭಾರ, ಹಾಕಿಕೊಂಡರೆ ಕುತ್ತಿಗೆ ಹಿಡಿಯುತ್ತಿತ್ತು. ಇದು ಹಗುರ, ಗುಂಡನ್ನೂ ಮೊದಲಿನದಕ್ಕಿಂತ ಚೆನ್ನಾಗಿ ತಡೆಯುತ್ತದಂತೆ.

"ಎಲ್ಲಾರಿಗೂ ಬಂದಾವೇನ್ರಿ?" ಎಂದೆ.

"ಇಲ್ಲ, ಅರ್ಧಾ ಮಂದಿಗಿ ಬಂದಾವ. ಉಳದಾವು ರೊಕ್ಕ ಮಂಜೂರಾದ ಮ್ಯಾಲೆ ಬರ್ತಾವಂತ. ಅಲ್ಲೀತನಕ ಹಳೇವೂ ನಿಮ್ಮ ಕಡೇನ ಇರ್ಲಿ ಅಂದಾರ."

ಆ ಅರ್ಧದಲ್ಲಿ ನನ್ನವರಿದ್ದರಲ್ಲ, ನನಗಷ್ಟೇ ಸಾಕಿತ್ತು. ಫೋನಿಟ್ಟು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಮುಂದಿನ ಸಲ ಕರೆ ಬಂದಾಗ ಅವರು ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದರು. ಮಗಳ ಪರೀಕ್ಷೆ, ಗ್ಯಾಸು, ಮಳೆ ಎಲ್ಲ ಮಾತಾಡಿದೆವು. ಕಡೆಗೆ ಅವರ ಮೊಣಕಾಲ ಮೇಲಿದ್ದ ಹೆಲ್ಮೆಟ್ ಕಣ್ಣಿಗೆ ಬಿತ್ತು. ಕಿವಿಯ ಹತ್ತಿರ ಬಟ್ಟೆ ಸವೆದಿತ್ತು. ಹಳೆಯದೇ ಅದು.

"ಹೊಸಾದ್ ಎಲ್ಲೈತ್ರಿ?"

"ಪೆಟ್ಟಿಗ್ಯಾಗ ಐತಿ. ಅರಿವ್ಯಾಗ ಸುತ್ತಿ ಇಟ್ಟೇನಿ."

"ಯಾಕ, ದೀಪಾವಳಿಗಿ ಹಾಕ್ಕೊಳ್ಳಾಕೇನು?"

ಅವರು ನಕ್ಕರು. "ಹಂಗಲ್ಲಲೇ. ಇದs ಮಸ್ತ್ ಬಂದೈತಿ ಇಷ್ಟ್ ದಿನ. ಅದಕ್ಕ ಗೀರ್ ಬಿದ್ರ, ಪಟ್ಟಿ ಹರದ್ರ, ಮತ್ತ ಯಾವಾಗ ಬರ್ತೈತೋ ಯಾಂವಗ್ಗೊತ್ತು. ಹೊಸಾ ವಸ್ತು ಜ್ವಾಕಿ ಮಾಡ್ಬೇಕು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದು ಸೈನ್ಯದಲ್ಲಿ ಕಲಿತದ್ದಲ್ಲ, ನಮ್ಮ ಅತ್ತೆಯ ಮನೆಯಲ್ಲಿ ಕಲಿತದ್ದು. ಖಾನಾಪುರದ ಹತ್ತಿರದ ಆ ಮನೆಯಲ್ಲಿ ಹೊಸದನ್ನು ಬಳಸುವುದೆಂದರೆ ಮಹಾಪಾಪ. ಕುಕ್ಕರ್ ಇನ್ನೂ ರಟ್ಟಿನ ಖೋಕದಲ್ಲಿದೆ. ಸ್ಟೀಲ್ ಕೊಡಕ್ಕೆ ಅಂಗಡಿಯ ಚೀಟಿ ಹಾಗೆಯೇ ಅಂಟಿಕೊಂಡಿದೆ. ಅತ್ತೆ ಉಡುವುದು ತೇಪೆ ಹಚ್ಚಿದ ಸೀರೆ, ಒಳ್ಳೆಯವೆಲ್ಲ ಟ್ರಂಕಿನಲ್ಲಿ ಡಾಂಬರು ಗುಳಿಗೆಯ ವಾಸನೆ ಹಿಡಿದು ಮಲಗಿವೆ. ಮದುವೆಯಾದ ಹೊಸತರಲ್ಲಿ ಒಂದು ಹೊಸ ಚಾದರ ಹಾಸಿದೆನೆಂದು ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದರು.

ಅಂದಿನಿಂದ ನನಗೆ ಊಟ ಸೇರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ದೇವರ ಕಡೆ ನೋಡಿಯೇ ಎತ್ತುತ್ತಿದ್ದೆ. ಯಾರೋ ಸಾಲ ಬೇಕೇ ಎಂದು ಕೇಳಿದರೆ ಅವರಿಗೇ ಬೈದು ಇಡುತ್ತಿದ್ದೆ. ಟಿವಿಯಲ್ಲಿ ಕೋಟು ಹಾಕಿದವರು ಸೈನ್ಯದ ಆಧುನೀಕರಣದ ಬಗ್ಗೆ ಚರ್ಚೆ ನಡೆಸಿದ್ದರು. ಸಂಬಳ, ಪಿಂಚಣಿಗೆ ಹೋಗಿ ಉಳಿದ ದುಡ್ಡಿನಲ್ಲಿ ವಿಮಾನ ಕೊಳ್ಳಬೇಕೋ ತೋಪು ಕೊಳ್ಳಬೇಕೋ, ಎಲ್ಲವೂ ಹಂತಹಂತವಾಗಿ ಆಗಬೇಕು ಎನ್ನುತ್ತಿದ್ದರು. ಅಂದರೆ ನನ್ನ ಗಂಡನ ಸಂಬಳವೇ ಅವರ ಹೆಲ್ಮೆಟ್ಟಿಗೆ ಅಡ್ಡ ಬಂತೇ? ಆ ಸಂಬಳದಲ್ಲೇ ನನ್ನ ಮನೆ ನಡೆಯುತ್ತದೆ. ಯಾರ ಮೇಲೆ ಸಿಟ್ಟು ಮಾಡಲಿ? ರಿಮೋಟ್ ತೆಗೆದು ಸೋಫಾದ ಮೇಲೆ ಒಗೆದೆ.

ನನ್ನ ಮಾತನ್ನು ಅವರು ಕೇಳುವುದಿಲ್ಲ, ತಾಯಿಯ ಮಾತನ್ನು ಮೀರುವುದಿಲ್ಲ. ರವಿವಾರ ಮಗಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಅತ್ತೆಯ ಊರಿಗೆ ಹೊರಟೆ. ಪೀರನವಾಡಿಯ ಗದ್ದಲ ದಾಟಿದ ಮೇಲೂ ನನ್ನ ತಲೆಯಲ್ಲಿ ಅದೇ ಸವೆದ ಬಟ್ಟೆ. ಮಗಳು, "ಅವ್ವಾ, ನೀ ಹೆಲ್ಮೆಟ್ ಹಾಕ್ಕೊಂಡೇ ಇಲ್ಲ," ಎಂದಳು. ಗಾಡಿ ನಿಲ್ಲಿಸಿ ಹಾಕಿಕೊಂಡೆ.

ಅತ್ತೆ ಅಂಗಳದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರು ತಲೆಯಾಡಿಸಿದರು. "ಖರೇ ಐತೆಲ್ಲ ಅಂವ ಹೇಳೂದು. ಸರಕಾರದ ವಸ್ತು. ಕೆಟ್ರ ಮತ್ತೊಂದು ಯಾರು ಕೊಡ್ತಾರ?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅತ್ತಿ, ಹೆಲ್ಮೆಟ್ ಕೆಟ್ರ ಇವತ್ತಲ್ಲ ನಾಳಿ ಬರ್ತೈತಿ. ತಲಿ ಹೋದ್ರ ಮತ್ತೊಂದ್ ಮಂಜೂರ್ ಮಾಡ್ತಾರೇನ್ರಿ?"

ಅಂದ ಮೇಲೆ ನನಗೇ ಬಾಯಿ ಕಹಿಯಾಯಿತು. ಅಂಥ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅತ್ತೆ ಕೈಯೊಳಗಿನ ಶೇಂಗಾ ಕೆಳಗಿಟ್ಟರು. ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು.

ಹೊರಗೆ ಬಂದಾಗ ಅವರು ಹಸಿರು ಇಲಕಲ್ ಸೀರೆ ಉಟ್ಟಿದ್ದರು. ಮಗ ಮೊದಲ ಸಂಬಳದಲ್ಲಿ ತಂದುಕೊಟ್ಟದ್ದು ಅದು. "ನನ್ನ ಕಡೀ ದಿನಕ್ಕ ಇದನ್ನs ಹೊಚ್ಚರಿ" ಎಂದು ಎಲ್ಲರಿಗೂ ತೋರಿಸಿ ಇಟ್ಟಿದ್ದ ಸೀರೆ. ಮಡಿಕೆಯ ಗೆರೆಗಳು ಇನ್ನೂ ಹಾಗೆಯೇ ಇದ್ದವು. ನಾನು ಅಯ್ಯ ಎನ್ನುವಷ್ಟರಲ್ಲಿ ಅವರು ನೇರವಾಗಿ ಕೊಟ್ಟಿಗೆಗೆ ಹೋಗಿ ಎಮ್ಮೆಯ ಸಗಣಿ ಬಾಚತೊಡಗಿದರು. ಸೆರಗಿನ ತುದಿ ಗಂಜಲದಲ್ಲಿ ತೊಯ್ದಿತು.

"ಫೋನ್ ಹಚ್ಚು," ಎಂದರು.

ಫೋನ್ ಹತ್ತಲಿಲ್ಲ. ಮಧ್ಯಾಹ್ನ ಹತ್ತಲಿಲ್ಲ, ಚಹಾದ ಹೊತ್ತಿಗೂ ಹತ್ತಲಿಲ್ಲ. ಅತ್ತೆ ಅದೇ ಸೀರೆಯಲ್ಲಿ ರೊಟ್ಟಿ ಬಡಿದರು, ಮಜ್ಜಿಗೆ ಕಡೆದರು. ನಾನು ಫೋನ್ ಹಿಡಿದು ಸಿಗ್ನಲ್ ಹುಡುಕುತ್ತ ಅಂಗಳದ ತುಂಬ ತಿರುಗಿದೆ. ದೀಪ ಹಚ್ಚುವ ಹೊತ್ತಿಗೆ ನನ್ನವರ ಮುಖ ಮೂಡಿದಾಗ ಫೋನನ್ನು ಅತ್ತೆಯ ಕಡೆ ತಿರುಗಿಸಿದೆ.

"ಅವ್ವಾ, ಇದ್ಯಾಕ ಉಟ್ಟಿ? ಅದು ಆ ಸೀರಿ ಅಲ್ಲೇನು?"

"ಹೂಂ, ಅದs. ಸಗಣಿ ಹತ್ತೈತಿ, ನೋಡು. ನೀ ಆ ಹೊಸಾದು ಹಾಕ್ಕೊಂಡಿದ್ದು ನಾ ಕಣ್ಲೆ ನೋಡೂತನಕ ಇದನ್ನ ಬಿಚ್ಚೂದಿಲ್ಲ." ನನ್ನವರು ಮೊದಲು ನಕ್ಕರು. ಅತ್ತೆ ನಗಲಿಲ್ಲ. ಸಿಟ್ಟು ನೆತ್ತಿಗೇರಿದಾಗ ಮಾತ್ರ ನಮ್ಮತ್ತೆ ಮರಾಠಿಗೆ ಹೊರಳುತ್ತಾರೆ. "ಘಾಲ್ ರೇ!" ಎಂದು ಗದರಿಸಿದರು. ಹಾಕ್ಕೋ ಅಂದರೆ ಹಾಕ್ಕೋ.

ನನ್ನವರು ಪರದೆಯಿಂದ ಸರಿದು ಹೋದರು. ಪೆಟ್ಟಿಗೆ ಎಳೆದ ಸದ್ದಾಯಿತು. ಸುತ್ತಿದ ಬಟ್ಟೆ ಬಿಚ್ಚಿ, ಹೊಸದನ್ನು ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದು ತೋರಿಸಿದರು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಮಗಳು, "ಪಪ್ಪಾ, ಚಲೋ ಕಾಣಸ್ತೈತಿ," ಎಂದು ಚಪ್ಪಾಳೆ ತಟ್ಟಿದಳು.

"ಇನ್ನ ಮ್ಯಾಲೆ ದಿನಾ ಇದನ್ನs ಹಾಕ್ಕೋತೇನಿ, ಆತಿಲ್ಲೋ? ಹಳೇದನ್ನ ಬಾಜೂಕ ಮಲಗಾಂವಗ ಕೊಡ್ತೇನಿ. ಅವಂಗ ಹೊಸಾದು ಬಂದಿಲ್ಲ. ಇದ್ದದ್ದರ ಪಟ್ಟಿ ಹರದು, ಬೂಟಿನ ದಾರ ಕಟ್ಕೊಂಡಾನ. ಭಾಳ ಖುಷಿ ಆಕ್ಕಾನ."

ಫೋನಿಟ್ಟ ಮೇಲೆ ನಾನು ಕಣ್ಣೊರೆಸಿಕೊಂಡು ಬಿಸಿನೀರು ಕಾಯಿಸಿದೆ. ಅತ್ತೆ ಇನ್ನೂ ಕಟ್ಟೆಯ ಮೇಲೆಯೇ ಕುಳಿತಿದ್ದರು, ಸೆರಗಿನ ಸಗಣಿಯನ್ನು ಉಗುರಿನಿಂದ ಕೆರೆಯುತ್ತ.

"ಹಾಕ್ಕೊಂಡಿದ್ದು ನೋಡಿದ್ರೆಲ್ಲ ಅತ್ತಿ. ಈಗರೆ ಸೀರಿ ಬಿಚ್ಚರಿ, ಒಗದ್ ಕೊಡ್ತೇನಿ."

"ಒಬ್ಬಂದು ನೋಡೇನಿ. ಬಾಜೂಕ ಮಲಗಾಂವಂದು ನೋಡಬೇಕಲ್ಲ," ಎಂದರು ಅತ್ತೆ. ಮರುದಿನವೂ ಅದೇ ಸೀರೆಯಲ್ಲಿ ಕೊಟ್ಟಿಗೆಗೆ ಹೋದರು.